ಕೂಡಿಟ್ಟ ನೀರು, ಕರಗಿದ ಊರು: ಘಟಪ್ರಭೆಯ ಹಿನ್ನೀರಿನ ಚರಿತ್ರೆ

ಹುಕ್ಕೇರಿ ತಾಲ್ಲೂಕಿನ ಹುನ್ನೂರಿನಲ್ಲಿ ವಿಠ್ಠಲನ ಕಲ್ಲಿನ ಗುಡಿಯೊಂದಿದೆ. ಘಟಪ್ರಭಾ ನದಿಯ ಹಿಡಕಲ್ ಜಲಾಶಯ ತುಂಬಿದಾಗ ಅದು ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ. ಗೋಡೆ ಗಟ್ಟಿಯಾಗಿ ನಿಂತಿರುವುದರಿಂದ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಅದರ ಚಿತ್ರ ಬರುತ್ತದೆ, ನೋಡಲು ಜನ ಸೇರುತ್ತಾರೆ. ಆದರೆ ಗುಡಿ ಯಾವ ಊರಿಗೂ ಒಂಟಿಯಾಗಿ ಬರುವುದಿಲ್ಲ. ಗುಡಿ ಇದ್ದಲ್ಲಿ ಕೇರಿ ಇತ್ತು, ಕಣ ಇತ್ತು, ಸ್ಮಶಾನ ಇತ್ತು, ಹೊಳೆಗೆ ಇಳಿಯುವ ದಾರಿ ಇತ್ತು. ಇವುಗಳಲ್ಲಿ ಗುಡಿಯೊಂದನ್ನು ಮಾತ್ರ ನಾವು ನೋಡುತ್ತೇವೆ, ಅದನ್ನೂ ಒಂದು ಸೋಜಿಗವೆಂದು ನೋಡುತ್ತೇವೆ. ಹಿನ್ನೀರಿನ ತುದಿಯ ಹಳ್ಳಿಗಳ ಬಗ್ಗೆ ನಮಗಿರುವ ತಿಳಿವಳಿಕೆಯೂ ಇಷ್ಟೇ ಆಗಿದೆ. ಅವು ಮೂಲೆಯ ಊರುಗಳು, ಭೂಗೋಳವೇ ಅವನ್ನು ಹಿಂದೆ ಬಿಟ್ಟಿದೆ ಎಂದು ನಂಬಿದ್ದೇವೆ. ಈ ನಂಬಿಕೆ ತಪ್ಪು ಎಂಬುದೇ ಈ ಲೇಖನದ ವಾದ. ಘಟಪ್ರಭೆಯ ಕಣಿವೆಯಲ್ಲಿ ನೀರನ್ನು ಎಲ್ಲಿ ಖರ್ಚು ಮಾಡಿದರೋ ಅಲ್ಲಿ ಊರು ಬೆಳೆಯಿತು, ಎಲ್ಲಿ ಕೂಡಿಟ್ಟರೋ ಅಲ್ಲಿ ಊರು ಕರಗಿತು. ಹಾಗೆ ಆದದ್ದು ನದಿಯ ಗುಣದಿಂದಲ್ಲ. ಸುಮಾರು ತೊಂಬತ್ತು ವರ್ಷಗಳ ಅವಧಿಯಲ್ಲಿ ಮನುಷ್ಯರು ಒಂದರ ಮೇಲೊಂದು ತೆಗೆದುಕೊಂಡ ತೀರ್ಮಾನಗಳಿಂದ.

ಮೊದಲಿಗೆ ಈ ಕಣಿವೆ ಎಂದೂ ಮೂಲೆಯಾಗಿರಲಿಲ್ಲ ಎಂಬುದನ್ನು ನೋಡಬೇಕು. ಗೋಕಾಕಿನ ಹತ್ತಿರದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಹೊಳೆದಂಡೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಜನ ನೆಲೆ ನಿಂತಿದ್ದರು ಎಂಬುದಕ್ಕೆ ಅವೇ ಸಾಕ್ಷಿ. ಸವದತ್ತಿಯ ರಟ್ಟರ ಕಾಲಕ್ಕೆ ಈ ಸೀಮೆ ಕೂಂಡಿ ಮೂರು ಸಾವಿರ ನಾಡಿನ ಭಾಗವಾಗಿತ್ತು. ಕೊಣ್ಣೂರಿನ ಜೈನ ಶಾಸನಗಳು ಹನ್ನೊಂದು, ಹನ್ನೆರಡನೆಯ ಶತಮಾನದ ದಾನ, ದತ್ತಿ, ಬಸದಿಗಳನ್ನು ದಾಖಲಿಸಿವೆ. ಗೋಕಾಕದ ಹೆಸರು ಗೋಕಾಗೆ ಎಂಬ ರೂಪದಲ್ಲಿ 1047ರ ಶಾಸನದಲ್ಲೇ ಕಾಣುತ್ತದೆ. ಜಲಪಾತದ ಎರಡೂ ದಂಡೆಯಲ್ಲಿ ಚಾಲುಕ್ಯ ಶೈಲಿಯ ಗುಡಿಗಳಿವೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ಎದ್ದು ನಿಂತಿವೆ. ಬಿಜಾಪುರದ ಸರದಾರರು ಅದನ್ನು ತಮ್ಮ ಠಾಣ್ಯ ಮಾಡಿಕೊಂಡದ್ದು ಸಹ್ಯಾದ್ರಿಯ ಘಟ್ಟಗಳಿಗೂ ಬಯಲಿಗೂ ನಡುವಿನ ದಾರಿಯ ಮೇಲೆ ಅದು ಇದ್ದ ಕಾರಣಕ್ಕೆ. ಮಳೆ ಹೇರಳವಾದ ಚಂದಗಡದ ಕಡೆಯಿಂದ ಇಳಿದುಬರುವ ಘಟಪ್ರಭೆ ಮಳೆನೆರಳಿನ ಗೋಕಾಕ, ಮೂಡಲಗಿಗಳನ್ನು ಮುಟ್ಟುವ ಮೊದಲು ಹುಕ್ಕೇರಿಯ ನೆಲದ ಮೇಲೆ ಹರಿಯುತ್ತದೆ. ಅಂದರೆ ಇಂದು ಹಿನ್ನೀರು ನಿಂತಿರುವ ಜಾಗ ಅಂದು ನಾಡಿನ ನಟ್ಟನಡುವೆ ಇತ್ತು. ಹೊಳೆಸಾಲಿನ ಫಲವತ್ತಾದ ಮಣ್ಣು, ಬೇಸಿಗೆಯಲ್ಲೂ ಮಡುವಿನಲ್ಲಿ ಉಳಿಯುವ ನೀರು, ದಾಟುವ ಕಡವುಗಳು, ಇವೆಲ್ಲ ಅಲ್ಲಿನ ಹಳ್ಳಿಗಳ ಬದುಕಿಗೆ ಆಧಾರವಾಗಿದ್ದವು.

ಈ ನದಿಯ ನೀರಿಗೆ ಆಧುನಿಕ ಬೆಲೆ ಕಟ್ಟಿದ ಮೊದಲ ಜಾಗ ಗೋಕಾಕ ಜಲಪಾತ. ಅಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ 1885ರಲ್ಲಿ ಹುಟ್ಟಿತು. 1887ರ ಹೊತ್ತಿಗೆ ಬೀಳುವ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಅದರ ಹಿಂದೆ ಮುಂಬಯಿಯ ಫೋರ್ಬ್ಸ್ ಮನೆತನದ ವ್ಯಾಪಾರಿ ಸಂಸ್ಥೆ ಇತ್ತು. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯಿಂದ ಬಂದ ಜಾನ್ ಫೋರ್ಬ್ಸ್ 1767ರಲ್ಲಿ ಆರಂಭಿಸಿದ ಸಂಸ್ಥೆ ಅದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅಂದಿನ ತಂತ್ರಜ್ಞಾನಕ್ಕೆ ನೀರಿನ ಬಲವನ್ನು ದೂರ ಸಾಗಿಸುವ ಶಕ್ತಿ ಇರಲಿಲ್ಲ. ನೀರು ಎಲ್ಲಿ ಬೀಳುತ್ತದೋ ಗಿರಣಿಯೂ ಅಲ್ಲೇ ಇರಬೇಕು, ಗಿರಣಿ ಇದ್ದಲ್ಲೇ ಕೂಲಿಯವರ ಮನೆಗಳೂ ಇರಬೇಕು. ಹಾಗಾಗಿ ಬರೀ ಬಂಡೆಯಿದ್ದ ಜಾಗದಲ್ಲಿ ಗೋಕಾಕ ಫಾಲ್ಸ್ ಎಂಬ ಊರೇ ಎದ್ದಿತು, ಕೊಣ್ಣೂರು ಬೆಳೆಯಿತು, ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ಪಾಳಿಯ ಭೋಂಗಾ ಕೇಳಿ ಏಳುವ ನೂಲುಗಾರರಾದರು. ದುಡಿಮೆ ಕಷ್ಟದ್ದೇ ಆಗಿತ್ತು, ಲಾಭ ಮುಂಬಯಿಗೂ ಅದರಾಚೆಗೂ ಹೋಗುತ್ತಿತ್ತು ಎಂಬುದು ನಿಜ. ಆದರೂ ನೀರು ಖರ್ಚಾದ ಜಾಗದಲ್ಲೇ ಕೂಲಿಯೂ ಬಟವಾಡೆಯಾದ್ದರಿಂದ ಊರು ನಿಂತಿತು.

ಇದೇ ನಿಯಮ ಸ್ಕಾಟ್ಲೆಂಡಿನಲ್ಲೂ ಕೆಲಸ ಮಾಡಿದ್ದನ್ನು ಎರಡು ಊರುಗಳು ಎದುರುಬದುರಾಗಿ ತೋರಿಸುತ್ತವೆ. ಎರಡೂ ಲಾಖ್ ಎಂದು ಕರೆಯುವ ನೀರಹರವಿನ ತಲೆಯಲ್ಲಿರುವ ಸಣ್ಣ ನೆಲೆಗಳೇ. ಲಾಖ್ ಲೆವೆನ್ ಎಂಬ ಕಡಲಚಾಚಿನ ತಲೆಯಲ್ಲಿ ಕಿನ್‌ಲಾಖ್‌ಲೆವೆನ್ ಇದೆ. ಬೆಟ್ಟದ ಮೇಲೆ ಬ್ಲ್ಯಾಕ್‌ವಾಟರ್ ಆಣೆಕಟ್ಟು ಕಟ್ಟಿ, ಆ ನೀರಿನ ವಿದ್ಯುತ್ತಿನಿಂದ 1909ರಲ್ಲಿ ಅಲ್ಲಿ ಅಲ್ಯುಮಿನಿಯಂ ಕಾರ್ಖಾನೆ ಆರಂಭಿಸಿದರು. ಎರಡು ಪುಟ್ಟ ಕೇರಿಗಳಿದ್ದಲ್ಲಿ ಪೂರ್ತಿ ಊರು ಬೆಳೆಯಿತು. ಕಾರ್ಖಾನೆ 2000ದಲ್ಲಿ ಮುಚ್ಚಿದ ಮೇಲೂ ಅದು ಊರಾಗಿಯೇ ಉಳಿದಿದೆ. ಲಾಖ್ ಕ್ಯಾಟ್ರಿನ್ ಸರೋವರದ ತಲೆಯಲ್ಲಿರುವ ಗ್ಲೆನ್‌ಗೈಲ್‌ನ ಕತೆ ಬೇರೆ. ಸ್ಕಾಟ್ಲೆಂಡಿನ ಜನಪದ ನಾಯಕ ರಾಬ್ ರಾಯ್ ಹುಟ್ಟಿದ ಹಟ್ಟಿ ಎಂದು ಅದಕ್ಕೆ ಹೆಸರಿದೆ. ಗ್ಲಾಸ್ಗೋ ನಗರ ತನ್ನ ಕುಡಿಯುವ ನೀರಿಗಾಗಿ ಆ ಸರೋವರದ ಮಟ್ಟ ಏರಿಸಿತು. 1859ರಲ್ಲಿ ವಿಕ್ಟೋರಿಯಾ ರಾಣಿ ಯೋಜನೆಯನ್ನು ಉದ್ಘಾಟಿಸಿದಳು. ಕಾಲರಾದಿಂದ ನರಳಿದ್ದ ನಗರಕ್ಕೆ ಅದು ಜೀವದಾನವಾಯಿತು. ಸರೋವರದ ತಲೆಯ ಕೇರಿ ಮಾತ್ರ ಬೆಳೆಯಲಿಲ್ಲ, ಕೆಲವೇ ಮನೆಗಳಿಗೆ ನಿಂತಿತು. ಒಂದೇ ದೇಶ, ಅದೇ ಮಳೆ, ಅದೇ ಬೆಟ್ಟ. ವ್ಯತ್ಯಾಸ ಇದ್ದದ್ದು ಒಂದೇ: ಮೊದಲನೆಯ ಕಡೆ ನೀರು ಅಲ್ಲೇ ಖರ್ಚಾಯಿತು, ಎರಡನೆಯ ಕಡೆ ಅದನ್ನು ಕೂಡಿಟ್ಟು ಬೇರೆಡೆ ಒಯ್ದರು.

ಘಟಪ್ರಭೆಯಲ್ಲಿ ಈ ಎರಡರ ನಡುವಿನ ಮೆಟ್ಟಿಲು ಧೂಪದಾಳ. 1876ರಿಂದ 78ರವರೆಗೆ ಮುಂಬಯಿ, ಮದರಾಸು ಪ್ರಾಂತಗಳನ್ನೂ ಮೈಸೂರನ್ನೂ ಸುಟ್ಟ ಧಾತು ಸಂವತ್ಸರದ ಬರ ಬೆಳಗಾವಿ ಜಿಲ್ಲೆಯನ್ನೂ ಬಿಡಲಿಲ್ಲ. ಆ ಬರದ ಪಾಠದಿಂದಲೇ ಬ್ರಿಟಿಷ್ ಸರ್ಕಾರ ದಖ್ಖನಿನಲ್ಲಿ ಕಾಲುವೆಗಳ ಕಡೆ ಹೆಚ್ಚು ಗಮನ ಕೊಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಲಪಾತದಿಂದ ತುಸು ಮೇಲೆ, ಧೂಪದಾಳದ ಬಳಿ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಎದ್ದಿತು; ಗೋಕಾಕ ಕಾಲುವೆಗೆ ನೀರು ತಿರುಗಿತು. ಒಡ್ಡು ತಗ್ಗಾದದ್ದು, ಅದರ ಹಿಂದೆ ನಿಂತ ನೀರು ಆಳವಿಲ್ಲದ್ದು. ಆದ್ದರಿಂದ ಧೂಪದಾಳ ಕರಗಲಿಲ್ಲ. ಹತ್ತಿರದಲ್ಲೇ ರೈಲು ಹಾದುಹೋದದ್ದರಿಂದ ಘಟಪ್ರಭಾ ಎಂಬ ಪೇಟೆ ಬೆಳೆಯಿತು; ಡಾ. ಕೊಕಟನೂರ ಮತ್ತು ಹಿಂದುಸ್ತಾನಿ ಸೇವಾದಳದ ಡಾ. ನಾ.ಸು. ಹರ್ಡೀಕರ ಅವರ ದುಡಿಮೆಯಿಂದ ಕರ್ನಾಟಕ ಆರೋಗ್ಯಧಾಮ ಅಲ್ಲಿ ನೆಲೆಯೂರಿತು. ಒಡ್ಡಿನ ಹಿಂದಿನ ಕೆಸರುನೆಲಕ್ಕೆ ಚಳಿಗಾಲದಲ್ಲಿ ಕರ್ಕರ ಕೊಕ್ಕರೆಗಳು ಬರತೊಡಗಿದವು. 1974ರಲ್ಲಿ ಸುಮಾರು 29.78 ಚದರ ಕಿ.ಮೀ. ಪ್ರದೇಶ ಪಕ್ಷಿಧಾಮವಾಯಿತು. ನೀರು ತಡೆದ ಮಾತ್ರಕ್ಕೆ ಊರು ಸಾಯುವುದಿಲ್ಲ ಎಂಬುದಕ್ಕೆ ಧೂಪದಾಳವೇ ಸಾಕ್ಷಿ. ಆದರೆ ಈ ಒಡ್ಡಿಗೊಂದು ಮಿತಿಯಿತ್ತು. ಮಳೆಗಾಲದಲ್ಲಿ ಘಟಪ್ರಭೆಯೂ ಹಿರಣ್ಯಕೇಶಿಯೂ ಉಕ್ಕಿದಾಗ ನೀರಿಗೆ ಕೊರತೆಯಿಲ್ಲ; ಹಿಂಗಾರಿಗೆ, ಬೇಸಿಗೆಗೆ ಬೇಕಾದ ನೀರನ್ನು ಹಿಡಿದಿಡುವ ಜಾಗ ಅದಕ್ಕಿರಲಿಲ್ಲ.

ಈ ಕತೆ ತಿರುವು ಪಡೆಯುವುದು ಇಲ್ಲಿಯೇ. ನಮ್ಮ ನಾಡಿನ ಹಳೆಯ ರೂಢಿಯಲ್ಲಿ ಮೊದಲು ಕೆರೆ, ಆಮೇಲೆ ತೂಬು, ಆಮೇಲೆ ಗದ್ದೆ. ಎಷ್ಟು ನೀರು ನಿಲ್ಲುತ್ತದೋ ಅಷ್ಟಕ್ಕೆ ಅಚ್ಚುಕಟ್ಟು. ಘಟಪ್ರಭಾ ಯೋಜನೆಯಲ್ಲಿ ಈ ಕ್ರಮ ತಿರುವುಮುರುವಾಯಿತು. ಮೊದಲ ಹಂತದಲ್ಲಿ, ಇದ್ದ ಧೂಪದಾಳ ಒಡ್ಡಿನಿಂದಲೇ 71 ಕಿ.ಮೀ. ಉದ್ದದ ಎಡದಂಡೆ ಕಾಲುವೆ ತೋಡಿದರು. ಎರಡನೆಯ ಹಂತದಲ್ಲಿ ಕಾಲುವೆಯನ್ನು 109 ಕಿ.ಮೀ.ಗೆ ಬೆಳೆಸಿ, ಅದಕ್ಕೆ ಬೇಕಾದ ನೀರಿಗಾಗಿ ಹಿಡಕಲ್ ಬಳಿ ಆಣೆಕಟ್ಟು ಕಟ್ಟಲು ಹೊರಟರು. ಮೂರನೆಯ ಹಂತದಲ್ಲಿ ಆ ಆಣೆಕಟ್ಟನ್ನೇ ಪೂರ್ಣ ಎತ್ತರಕ್ಕೆ ಏರಿಸಿ ಬಲದಂಡೆ ಕಾಲುವೆಗೂ ಚಿಕ್ಕೋಡಿ ಶಾಖಾ ಕಾಲುವೆಗೂ ನೀರು ಹೊಂದಿಸಿದರು. 62.48 ಮೀಟರ್ ಎತ್ತರದ ಆಣೆಕಟ್ಟು 1977ರಲ್ಲಿ ಮುಗಿಯಿತು. ಸಂಗ್ರಹ ಸಾಮರ್ಥ್ಯ ಸುಮಾರು 51 ಟಿಎಂಸಿ, ತುಂಬಿದ ಮಟ್ಟ 2175 ಅಡಿ. ಕೆ.ಎಲ್.ಇ. ಸಂಸ್ಥೆಗೆ ದಾನ ಕೊಟ್ಟು ಹೆಸರಾದ ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಕಾಲುವೆ ಮೊದಲು, ಕೆರೆ ಆಮೇಲೆ ಎಂಬ ಈ ಕ್ರಮದ ಪರಿಣಾಮ ದೊಡ್ಡದು. ಆಣೆಕಟ್ಟಿನ ಎತ್ತರ ನಿರ್ಧಾರವಾಗುವ ಹೊತ್ತಿಗೆ ಕೆಳಗಿನ ನೂರಾರು ಹಳ್ಳಿಗಳು ಕಾಲುವೆ ಕಂಡಿದ್ದವು, ನೀರು ತಮ್ಮ ಹಕ್ಕೆಂದು ಕೇಳುತ್ತಿದ್ದವು. ಹುಕ್ಕೇರಿಯ ಹೊಳೆಸಾಲಿನ ಹಳ್ಳಿಗಳ ಮುಳುಗಡೆಯನ್ನು ಅವುಗಳ ಚಾವಡಿಯಲ್ಲಿ ಚರ್ಚಿಸುವ ಮೊದಲೇ ಅದು ಕಾಲುವೆಯ ಉದ್ದದಲ್ಲಿ ನಿಶ್ಚಯವಾಗಿಬಿಟ್ಟಿತ್ತು.

ರಾಜಕೀಯವೂ ಅದೇ ದಿಕ್ಕಿಗೆ ಒತ್ತಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು; ನದಿಯ ಮೇಲ್ತುದಿಯ ಚಂದಗಡ ತಾಲ್ಲೂಕು ಮಾತ್ರ ಆ ಕಡೆಗೇ ಉಳಿದು ಮುಂದೆ ಮಹಾರಾಷ್ಟ್ರಕ್ಕೆ ಸೇರಿತು. ಮಳೆ ಬೀಳುವ ಜಾಗ ಒಂದು ರಾಜ್ಯ, ನೀರು ನಿಲ್ಲುವ ಜಾಗ ಇನ್ನೊಂದು ರಾಜ್ಯವಾಯಿತು. ಕೃಷ್ಣಾ ಕಣಿವೆಯ ಹಂಚಿಕೆಗಾಗಿ ನೇಮಕವಾದ ಬಚಾವತ್ ನ್ಯಾಯಾಧಿಕರಣ 1973ರ ತೀರ್ಪಿನಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟಿತು. ಆ ಹಂಚಿಕೆಯಲ್ಲಿ 1960ರ ಸೆಪ್ಟೆಂಬರ್ ವೇಳೆಗೆ ಬಳಕೆಯಲ್ಲಿದ್ದ ಅಥವಾ ಕೈಗೆತ್ತಿಕೊಂಡಿದ್ದ ಯೋಜನೆಗಳಿಗೆ ರಕ್ಷಣೆ ಸಿಕ್ಕಿತು. ಹಕ್ಕು ಹುಟ್ಟುವುದು ಬಳಕೆಯಿಂದ ಎಂಬ ತತ್ವಕ್ಕೆ ಇದರಿಂದ ಕಾನೂನಿನ ಬಲ ಬಂತು. ಕಾಲುವೆ ತೋಡಿ ಎಕರೆ ತೋರಿಸಿದ ರಾಜ್ಯಕ್ಕೆ ನೀರು ದಕ್ಕುತ್ತದೆ. ಹೀಗಿರುವಾಗ ಯಾವ ಸರ್ಕಾರಕ್ಕೂ ಹಿನ್ನೀರಿನ ಹಳ್ಳಿಯ ಸಲುವಾಗಿ ಕೆಲಸ ನಿಲ್ಲಿಸಿ ಕೂರುವ ಪುರುಸೊತ್ತು ಇರಲಿಲ್ಲ. ಎಂಜಿನಿಯರುಗಳೂ ಮಂತ್ರಿಗಳೂ ದುಷ್ಟರಾಗಿದ್ದರು ಎಂದು ಹೇಳುವ ಅಗತ್ಯವೇ ಇಲ್ಲ. ಅವರು ಬರೆದ ಲೆಕ್ಕದ ಪುಸ್ತಕದಲ್ಲಿ ಬಳಸಿದ ನೀರಿಗೆ ಕಾಲಂ ಇತ್ತು, ಹಿಡಿದಿಟ್ಟ ಊರಿಗೆ ಕಾಲಂ ಇರಲಿಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ತುಂಬ ಗಟ್ಟಿಯಾದದ್ದು. ಹಿಡಕಲ್ ಇಲ್ಲದಿದ್ದರೆ ಮೂಡಲಗಿ, ರಾಯಬಾಗ, ಮುಧೋಳ, ಜಮಖಂಡಿಗಳ ಗತಿ ಏನು? ಧಾತು ಬರದಂಥ ಬರಗಳನ್ನು ಕಂಡ ಸೀಮೆಗೆ 51 ಟಿಎಂಸಿ ನೀರು ಬೇಡವೇ? ಬೇಕು, ಖಂಡಿತ ಬೇಕು. ಯೋಜನೆಯ ಅಚ್ಚುಕಟ್ಟು 3 ಲಕ್ಷ ಹೆಕ್ಟೇರಿಗೂ ಹೆಚ್ಚು. ಬಿಳಿಜೋಳ, ಸಜ್ಜೆ ಬಿಟ್ಟರೆ ಬೇರೆ ಕಾಣದ ಹೊಲಗಳಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ ಬಂತು. ಸಕ್ಕರೆ ಕಾರ್ಖಾನೆಗಳು ಎದ್ದವು. ದುಡಿಯಲು ದೇಶಾಂತರ ಹೋಗುತ್ತಿದ್ದವರು ತೋಟದಲ್ಲೇ ಮನೆ ಕಟ್ಟಿಕೊಂಡರು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಬಂತು. ಗೋಕಾಕದ ಸೆರಗಿನಲ್ಲಿದ್ದ ಮೂಡಲಗಿ 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಈ ಬೆಳವಣಿಗೆಯನ್ನು ಅಲ್ಲಗಳೆಯುವವರು ಬರವನ್ನು ಮರೆತವರು. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಕೆಳಗಿನ ಸೀಮೆ ಇಷ್ಟೊಂದು ಗಳಿಸಿದ್ದು ನಿಜವಾದರೆ, ಆ ಗಳಿಕೆಯಲ್ಲಿ ಒಂದು ಪಾಲನ್ನು ನೆಲ ಬಿಟ್ಟವರಿಗೆ ಕೊಡುವ ಶಕ್ತಿಯೂ ಇತ್ತು. ಬಡತನ ಅಡ್ಡಿಯಾಗಿರಲಿಲ್ಲ, ಪಾಲು ಕೊಡಬೇಕೆಂಬ ಆಲೋಚನೆ ಇರಲಿಲ್ಲ. ಜೊತೆಗೆ ಕೆಳಗಿನ ಲೆಕ್ಕವೂ ಬರೀ ಲಾಭದ್ದಲ್ಲ. ಕಬ್ಬಿಗೆ ಮಿತಿಯಿಲ್ಲದೆ ನೀರು ಬಿಟ್ಟಲ್ಲಿ ಎರೆಭೂಮಿ ಸವಳು-ಜವಳಾಗಿ ಬಿಳುಪೇರಿದೆ, ಕಾಲುವೆಯ ಕೊನೆಯ ರೈತರು ನೀರು ಮುಟ್ಟಲಿಲ್ಲವೆಂದು ಇಂದಿಗೂ ದೂರುತ್ತಾರೆ. ಮೇಲಿನ ಊರಿನಿಂದ ಅಷ್ಟು ಬೆಲೆ ತೆತ್ತು ತಂದ ನೀರು ನಡುವಿನ ಹೊಲಗಳಲ್ಲಿ ಹೆಚ್ಚಾಗಿ ನೆಲ ಕೆಡಿಸುವುದು ಎರಡೂ ತುದಿಗೆ ಬಗೆದ ಅನ್ಯಾಯ.

ಎರಡನೆಯ ಆಕ್ಷೇಪ ಪರಿಹಾರದ್ದು. ಸರ್ಕಾರ ಹಣ ಕೊಟ್ಟಿದೆ, ಮುಳುಗಡೆಯವರು ಬೇರೆಡೆ ಮನೆ ಕಟ್ಟಿಕೊಂಡಿದ್ದಾರೆ, ಇನ್ನೇನು ಉಳಿಯಿತು ಎಂದು ಕೇಳುವವರಿದ್ದಾರೆ. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದು ಉತಾರದಲ್ಲಿ ಹೆಸರಿದ್ದವರನ್ನು ಗುರುತಿಸುತ್ತಿತ್ತು, ಹೊಲದ ಬೆಲೆ ಕಟ್ಟುತ್ತಿತ್ತು. ಊರನ್ನು ಊರೆಂದು ಗುರುತಿಸುವ ಕಣ್ಣು ಅದಕ್ಕಿರಲಿಲ್ಲ. ಹೊಳೆಸಾಲಿನ ಹಳ್ಳಿಯಲ್ಲಿ ಹೊಲವುಳ್ಳ ಒಕ್ಕಲಿಗನಷ್ಟೇ ಇರುವುದಿಲ್ಲ. ಆಯ ಪಡೆದು ಬದುಕುವ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಇರುತ್ತಾರೆ. ಪರರ ಹೊಲದಲ್ಲಿ ಕೂಲಿ ಮಾಡುವ ದಲಿತ ಕುಟುಂಬಗಳು ಇರುತ್ತವೆ. ಮಡುವಿನ ಮೀನನ್ನೂ ದಂಡೆಯ ಹುಲ್ಲನ್ನೂ ನೆಚ್ಚಿದವರು ಇರುತ್ತಾರೆ. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಆಯ ಯಾವ ಉತಾರದಲ್ಲೂ ದಾಖಲಾಗಿಲ್ಲ. ಆದ್ದರಿಂದ ಅದಕ್ಕೆ ಬೆಲೆಯೂ ಇಲ್ಲ. ಹಳ್ಳಿ ಚೆದುರಿ ನಾಲ್ಕು ಕಡೆ ಹೋದ ಮೇಲೆ ಹಳೆಯ ಒಕ್ಕಲು-ಆಯಗಾರ ಸಂಬಂಧ ಎಲ್ಲೂ ಮರಳಿ ಕೂಡುವುದಿಲ್ಲ. ಕರ್ನಾಟಕವು ಯೋಜನಾ ನಿರಾಶ್ರಿತರ ಪುನರ್ವಸತಿಗೆ ಪ್ರತ್ಯೇಕ ಕಾಯ್ದೆ ತಂದದ್ದು 1987ರಲ್ಲಿ, ಅಂದರೆ ಹಿಡಕಲ್ ಮುಗಿದು ಹತ್ತು ವರ್ಷಗಳ ಮೇಲೆ. ಭೂಮಿ ಇಲ್ಲದವರ ಜೀವನೋಪಾಯವನ್ನೂ ಲೆಕ್ಕಕ್ಕೆ ಹಿಡಿಯುವ ಕೇಂದ್ರದ ಕಾಯ್ದೆ ಬಂದದ್ದು 2013ರಲ್ಲಿ. ಹಳೆಯ ಪರಿಹಾರ ಸಾಲದಾಗಿತ್ತು ಎಂದು ನಮ್ಮ ಶಾಸನಸಭೆಗಳೇ ಒಪ್ಪಿಕೊಂಡಂತಾಯಿತು.

ಮೂರನೆಯದು ಹೆಚ್ಚು ಸೂಕ್ಷ್ಮವಾದ ಆಕ್ಷೇಪ. ನದಿದಂಡೆಯ ಹಳ್ಳಿಗಳು ಹೇಗಿದ್ದರೂ ಪ್ರವಾಹಕ್ಕೆ ತುತ್ತಾಗುತ್ತಿದ್ದವು, ಹಿನ್ನೀರು ಬಂದ ಮೇಲೆ ಮೀನುಗಾರಿಕೆ ಬೆಳೆಯಿತು, ಏತ ನೀರಾವರಿಯೂ ಸಾಧ್ಯವಾಯಿತು, ಹಾಗಾದರೆ ಕರಗಿತು ಎನ್ನುವುದು ಸರಿಯೇ ಎಂದು ಕೇಳಬಹುದು. ಪ್ರವಾಹ ಬಂದು ಹೋಗುತ್ತದೆ, ಮುಳುಗಡೆ ಬಂದು ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಪೇಟೆ ನೀರಿನಲ್ಲಿ ನಿಂತಾಗ ನಾಡೆಲ್ಲ ಕಂಡಿತು, ಬಿದ್ದ ಮನೆಗಳ ಲೆಕ್ಕವಾಯಿತು, ನೀರಿಳಿದ ಮೇಲೆ ಜನ ಅದೇ ಓಣಿಗೆ ಮರಳಿದರು. ಹಿನ್ನೀರಿನವರಿಗೆ ಮರಳಲು ಓಣಿಯೇ ಇಲ್ಲ. ಮೀನು, ಏತದ ನೀರು ಸಿಕ್ಕಿರುವುದು ದಂಡೆಯ ಮೇಲೆ ಉಳಿದವರಿಗೆ. ಅದು ಯೋಜನೆಯೇ ಕೊಟ್ಟ ಪಾಲಲ್ಲ, ಅವರು ತಾವಾಗಿ ದಕ್ಕಿಸಿಕೊಂಡದ್ದು. ಯೋಜನೆ ಕೊಟ್ಟದ್ದು ಎಲ್ಲಿಗೆ ಹೋಗಿದೆ ಎಂಬುದನ್ನು ಜಲಾಶಯದ ಪ್ರಯೋಜನಗಳ ಪಟ್ಟಿಯೇ ಹೇಳುತ್ತದೆ: ನೀರಾವರಿ ಕೆಳಗಿನ ತಾಲ್ಲೂಕುಗಳಿಗೆ, ಕುಡಿಯುವ ನೀರು ಬೆಳಗಾವಿ ನಗರಕ್ಕೆ, ಆಣೆಕಟ್ಟಿನ ಬುಡದ 32 ಮೆಗಾವಾಟ್ ವಿದ್ಯುತ್ತು ರಾಜ್ಯದ ಜಾಲಕ್ಕೆ. ಧಾರವಾಡದ ಕೈಗಾರಿಕೆಗಳಿಗೂ ಹಿಡಕಲ್ ನೀರು ಒಯ್ಯುವ ಕಾಮಗಾರಿಗೆ 2025ರಲ್ಲಿ ಬೆಳಗಾವಿ ಜಿಲ್ಲೆಯ ರೈತರೂ ಸಂಘಟನೆಗಳೂ ವಿರೋಧಿಸಿದಾಗ ಎರಡೂ ಕಡೆಯ ಮಾತು ಬಳಕೆದಾರರ ಹಕ್ಕಿನ ಸುತ್ತಲೇ ತಿರುಗಿತು. ನೀರು ನಿಂತಿರುವ ನೆಲದವರ ಹಕ್ಕು ಆ ಚರ್ಚೆಯ ಮುನ್ನೆಲೆಗೆ ಬರಲಿಲ್ಲ.

ಬೇರೆ ದಾರಿ ಸಾಧ್ಯವೇ ಇರಲಿಲ್ಲ ಎಂದು ಹೇಳುವವರಿಗೆ ಹುಕ್ಕೇರಿಯೇ ಉತ್ತರ ಕೊಟ್ಟಿದೆ. ಅದೇ ತಾಲ್ಲೂಕಿನಲ್ಲಿ, ಆಣೆಕಟ್ಟು ಏಳುತ್ತಿದ್ದ ಆ ಕಾಲದಲ್ಲಿಯೇ, 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗವಾಗಿ ಆರಂಭವಾದ ಐದು ಸಂಘಗಳಲ್ಲಿ ಅದೂ ಒಂದು. ದೀಪ ಹಚ್ಚುವವರೇ, ಪಂಪು ನಡೆಸುವವರೇ ಸದಸ್ಯರಾಗಿ ತಾಲ್ಲೂಕಿನ ವಿದ್ಯುತ್ ಹಂಚಿಕೆಯನ್ನು ಕೈಗೆ ತೆಗೆದುಕೊಂಡರು. ವಿದ್ಯುತ್ತಿನ ಲೆಕ್ಕವನ್ನು ಹಳ್ಳಿಯವರು ಇಡಬಲ್ಲರು ಎಂದು ನಂಬಿದ ಅದೇ ಕಾಲ, ಅದೇ ನೆಲ, ನೀರಿನ ಲೆಕ್ಕದಲ್ಲಿ ನೆಲ ಕೊಟ್ಟವರನ್ನು ಪಾಲುದಾರರೆಂದು ಕಾಣಲಿಲ್ಲ. ಶಕ್ಯವಿದ್ದದ್ದನ್ನು ಮಾಡದೆ ಬಿಟ್ಟದ್ದು ಚರಿತ್ರೆಯ ಆಯ್ಕೆ. ಅದನ್ನು ವಿಧಿಯೆಂದು ಕರೆದು ಕೈತೊಳೆದುಕೊಳ್ಳಬಾರದು.

ಹಾಗಾದರೆ ಈಗ ಮಾಡಬಹುದಾದದ್ದೇನು? ಮುಳುಗಿದ ಹೊಲ ಮರಳಿ ಬರುವುದಿಲ್ಲ, ಆಣೆಕಟ್ಟನ್ನು ತೆಗೆಯಬೇಕೆಂದು ಯಾರೂ ಕೇಳುತ್ತಿಲ್ಲ, ಕೇಳಬಾರದು. ಆದರೆ ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಕಾಲಂ ತುಂಬುವುದಕ್ಕೆ ಇನ್ನೂ ಹೊತ್ತು ಮೀರಿಲ್ಲ. ಮುಂಬಯಿ ಸರ್ಕಾರದ ಕಾಲದ ಮೋಜಣಿ ನಕಾಶೆಗಳಲ್ಲಿ ಪ್ರತಿ ಊರಿನ ಗಾವಠಾಣ, ಹಳ್ಳ, ಬಂಡಿದಾರಿ ದಾಖಲಾಗಿರುತ್ತವೆ. ಅವುಗಳನ್ನು ಮುಂದಿಟ್ಟುಕೊಂಡು ಮುಳುಗಿದ ಒಂದೊಂದು ಊರಿನ ಚರಿತ್ರೆಯನ್ನು, ಆ ಊರಿನಲ್ಲಿ ಹುಟ್ಟಿದವರು ಬದುಕಿರುವಾಗಲೇ, ಬರೆದಿಡಬೇಕು. ಹುನ್ನೂರಿನ ಗುಡಿಯ ಮುಂದೆ ನಿಲ್ಲುವ ಪ್ರವಾಸಿಗೆ ಅದು ಯಾವ ಊರಿನ ಗುಡಿ, ಆ ಊರಿನವರು ಎಲ್ಲಿಗೆ ಹೋದರು ಎಂದು ತಿಳಿಸುವ ಫಲಕ ಅಲ್ಲಿರಬೇಕು. ಜಲಾಶಯದ ನೀರನ್ನು ಕಾರ್ಖಾನೆಗಳಿಗೂ ನಗರಗಳಿಗೂ ಮಾರಿ ಬರುವ ವರಮಾನದಲ್ಲಿ ನಿಗದಿಯಾದ ಪಾಲು ಹಿನ್ನೀರಿನ ಪಂಚಾಯಿತಿಗಳಿಗೂ ಪುನರ್ವಸತಿಯ ಊರುಗಳಿಗೂ ವರ್ಷವರ್ಷವೂ ಹೋಗಬೇಕು. ನೀರಿನ ಹಂಚಿಕೆ ತೀರ್ಮಾನಿಸುವ ಸಮಿತಿಗಳಲ್ಲಿ ಅವರ ಪ್ರತಿನಿಧಿಗಳು ಕೂರಬೇಕು. ಇದು ದಾನ ಕೇಳುವ ಮಾತಲ್ಲ. ಗಿರಣಿಯ ಕಾಲದಲ್ಲಿ ನೀರು ಬಿದ್ದ ಜಾಗಕ್ಕೆ ಕೂಲಿಯಾದರೂ ಸಿಕ್ಕಿತ್ತು, ಆಣೆಕಟ್ಟಿನ ಕಾಲದಲ್ಲಿ ನೀರು ನಿಂತ ಜಾಗಕ್ಕೆ ಅದೂ ಸಿಗಲಿಲ್ಲ. ಕಬ್ಬಿನ ಬಿಲ್ಲಿನಲ್ಲಿ ಕಾಲುವೆಯ ನೀರಿನ ಬೆಲೆ ಇದೆ, ಗೊಬ್ಬರದ ಬೆಲೆ ಇದೆ, ಸಾಗಣೆಯ ಬೆಲೆ ಇದೆ. ಆ ನೀರನ್ನು ಹೊತ್ತು ನಿಂತಿರುವ ನೆಲದ ಬಾಡಿಗೆ ಮಾತ್ರ ಇಲ್ಲ. ಮೂಡಲಗಿಯ ಹೊಲ ಹುಕ್ಕೇರಿಯ ಮುಳುಗಿದ ಹೊಲಕ್ಕೆ ಸಾಲಗಾರ ಎಂದು ಒಪ್ಪಿಕೊಂಡ ದಿನ ಘಟಪ್ರಭೆಯ ನೀರಾವರಿಯ ಚರಿತ್ರೆ ಪ್ರಾಮಾಣಿಕವಾಗುತ್ತದೆ, ಮುಂದಿನ ಹಂಚಿಕೆಯ ತೀರ್ಮಾನಗಳಿಗೂ ನ್ಯಾಯದ ಆಧಾರ ಸಿಗುತ್ತದೆ.